ಷಡ್ಡಕನಿಗೆ ಬಿಯರ್ ಸಾಮಾನು ಕೊಡಿಸಿದ್ದು

ಬಿಯರನ್ನು ಮನೆಯಲ್ಲೇ ತಯಾರಿಸಬಹುದು ಎಂಬ ಸಂಗತಿ ನನಗೆ ತಿಳಿದದ್ದು ಅರವತ್ತು ದಾಟಿದ ಮೇಲೆ. ತಿಳಿಯದೆ ಇದ್ದಿದ್ದರೂ ನಷ್ಟವೇನೂ ಆಗುತ್ತಿರಲಿಲ್ಲ.

ತಿಳಿಸಿದವನು ನನ್ನ ಷಡ್ಡಕ, ಎಂದರೆ ನನ್ನ ಹೆಂಡತಿಯ ತಂಗಿಯ ಗಂಡ. ವಯಸ್ಸಿನಲ್ಲಿ ನನಗಿಂತ ಬಹಳ ಚಿಕ್ಕವನು. ಎರಡು ಸಾವಿರದ ಇಸವಿ ಕಾಲಿಟ್ಟೊಡನೆ ಜಗತ್ತಿನ ಕಂಪ್ಯೂಟರುಗಳೆಲ್ಲ ದಾರಿ ತಪ್ಪುತ್ತವೆ ಎಂದು ಹೆದರಿದ ಇಲ್ಲಿನ ಕಂಪನಿಗಳು ನಮ್ಮವರನ್ನು ವಿಮಾನಗಟ್ಟಲೆ ತರಿಸಿಕೊಂಡವಲ್ಲ, ಹಾಗೆ ಬಂದವನು. ಐಸೆಲಿನ್‌ನಲ್ಲಿ ಅಪಾರ್ಟ್‌ಮೆಂಟ್, ಮಾರಿಸ್‌ಟೌನ್‌ನಲ್ಲಿ ಕೆಲಸ. ಹಳೆಯ ಪ್ರೋಗ್ರಾಮುಗಳಲ್ಲಿ ಇಸವಿ ಬರೆದಿರುವ ಜಾಗಗಳನ್ನು ಹುಡುಕಿ ತಿದ್ದುವುದು, ತಿದ್ದಿದ್ದನ್ನು ಪರೀಕ್ಷಿಸಿ ಸಹಿ ಹಾಕುವುದು ಅವನ ಉದ್ಯೋಗ. ಇಸವಿ ಬಂತು. ಯಾವ ಕಂಪ್ಯೂಟರೂ ನಿಲ್ಲಲಿಲ್ಲ. ನಿಂತದ್ದು ಇವರ ಕಾಂಟ್ರಾಕ್ಟುಗಳು.

ಆ ಜನವರಿಯ ಒಂದು ಭಾನುವಾರ ಅವನು ಪ್ರಿನ್ಸ್‌ಟನ್ ಹತ್ತಿರದ ನಮ್ಮ ಮನೆಗೆ ಒಬ್ಬನೇ ಡ್ರೈವ್ ಮಾಡಿಕೊಂಡು ಬಂದ. ಕೂರಲಿಲ್ಲ. ಅಡುಗೆಮನೆಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ.

"ಭಾವ, ನಿಮ್ಮಿಂದ ಒಂದು ಸಹಾಯ ಆಗಬೇಕು. ಅಕ್ಕನಿಗೆ ಗೊತ್ತಾಗೋದು ಬೇಡ."

"ನಿನ್ನ ಹೆಂಡತಿ ಬೆಳಿಗ್ಗೆನೇ ಫೋನ್ ಮಾಡಿ ನಿಮ್ಮಕ್ಕನಿಗೆ ಎಲ್ಲ ಹೇಳಿ ಆಯ್ತು. ನೀನು ಮುಂದುವರಿಸು," ಎಂದೆ.

ಸಂಗತಿ ಇಷ್ಟು. ಅವನ ಗುಂಪಿನಲ್ಲಿ ಒಬ್ಬನನ್ನು ಮಾತ್ರ ಖಾಯಂ ಮಾಡಿಕೊಳ್ಳುವುದೆಂದು ತೀರ್ಮಾನವಾಗಿತ್ತು. ಯಾರನ್ನು ಎಂಬುದು ಮ್ಯಾನೇಜರನ ಕೈಯಲ್ಲಿತ್ತು. ಖಾಯಂ ಆದರೆ ಕಂಪನಿಯೇ ಗ್ರೀನ್ ಕಾರ್ಡಿಗೆ ಅರ್ಜಿ ಹಾಕುತ್ತದೆ. ಆಗದಿದ್ದರೆ ಬೇಸಿಗೆಯಲ್ಲಿ ವೀಸಾ ಮುಗಿಯುತ್ತದೆ. ಬರುವ ಸೆಪ್ಟೆಂಬರಿನಲ್ಲಿ ಹೈಸ್ಕೂಲಿನ ಕೊನೆಯ ವರ್ಷಕ್ಕೆ ಕಾಲಿಡಲಿದ್ದ ಮಗಳನ್ನು ಅರ್ಧದಲ್ಲಿ ಎಬ್ಬಿಸಿಕೊಂಡು ಹೊರಡಬೇಕು. ಈ ಮ್ಯಾನೇಜರ್ ತನ್ನ ಗ್ಯಾರೇಜಿನಲ್ಲಿ ಬಿಯರ್ ಮಾಡುವ ಗೀಳಿನವನು. ಊಟದ ಹೊತ್ತಿನಲ್ಲಿ ಅದೇ ಮಾತು. ಉಳಿದವರು ತಲೆಯಾಡಿಸಿ ಸುಮ್ಮನಿದ್ದರೆ, ನನ್ನ ಷಡ್ಡಕ ಒಂದು ಹೆಜ್ಜೆ ಮುಂದೆ ಹೋಗಿ, "ನಮ್ಮ ಮನೆಯಲ್ಲೂ ಮಾಡುತ್ತೇವೆ, ಬಹಳ ವರ್ಷಗಳಿಂದ ಅಭ್ಯಾಸ," ಎಂದುಬಿಟ್ಟಿದ್ದ. ಮ್ಯಾನೇಜರ್ ಹಿಗ್ಗಿ, ಹಾಗಾದರೆ ಮುಂದಿನ ಸಲ ಮಾಡಿದಾಗ ರುಚಿ ನೋಡಲು ನಿಮ್ಮ ಮನೆಗೇ ಬರುತ್ತೇನೆ ಎಂದಿದ್ದ. ಮಾರ್ಚಿ ತಿಂಗಳ ಒಂದು ಶನಿವಾರವೂ ಗೊತ್ತಾಗಿತ್ತು.

"ನೀನು ಬಿಯರ್ ಕುಡಿದಿದ್ದೀಯಾ?"

"ಒಂದು ಸಲ. ಮದ್ರಾಸಿನಲ್ಲಿ. ವಾಂತಿ ಆಯ್ತು."

"ಹಾಗಿದ್ದ ಮೇಲೆ ಆ ಸುಳ್ಳು ಯಾಕೆ ಹೇಳಿದೆ?"

"ಬಾಯಿಗೆ ಬಂದುಬಿಡ್ತು ಭಾವ. ಈಗ ಸಾಮಾನು ತರಬೇಕು. ಪುಸ್ತಕ ತಂದು ಓದಿದೆ. ಪ್ರತಿ ಪುಟದಲ್ಲೂ ಕ್ಲೀನ್ ಮಾಡಿ, ಕ್ಲೀನ್ ಮಾಡಿ ಅಂತ ಬರೆದಿದ್ದಾರೆ. ಓದ್ತಾ ಓದ್ತಾ ನಿಮ್ಮ ಮುಖಾನೇ ಕಣ್ಣಿಗೆ ಕಟ್ತು."

ನಾನು ಬೆಳೆದದ್ದು ಮೈಸೂರಿನ ಒಂದು ವಿದ್ಯಾರ್ಥಿನಿಲಯದಲ್ಲಿ. ಗಂಟೆ ಹೊಡೆದರೆ ಏಳುವುದು, ಗಂಟೆ ಹೊಡೆದರೆ ತಣ್ಣೀರು ಸ್ನಾನ. ಊಟವಾದ ಮೇಲೆ ತಟ್ಟೆ ತೊಳೆದು ಸಾಲಾಗಿ ನಿಲ್ಲಬೇಕು. ವಾರ್ಡನ್ನರು ಒಂದೊಂದೇ ತಟ್ಟೆಯನ್ನು ಮೂಗಿನ ಹತ್ತಿರ ಹಿಡಿದು ಮೂಸುತ್ತಿದ್ದರು. ಸಾರಿನ ವಾಸನೆ ಬಂದರೆ ಮತ್ತೆ ನಲ್ಲಿಗೆ. ಅದರ ಮೇಲೆ ಈ ದೇಶದಲ್ಲಿ ನಾನು ನಿವೃತ್ತನಾಗುವವರೆಗೂ ದುಡಿದದ್ದು ಒಂದು ಔಷಧದ ಕಾರ್ಖಾನೆಯಲ್ಲಿ, ಇಂಜೆಕ್ಷನ್ ಸೀಸೆಗಳನ್ನು ತುಂಬುವ ಕೋಣೆಯಲ್ಲಿ. ಆ ಕೋಣೆಯಲ್ಲಿ ತೊಡುವ ಉಡುಪಿನಿಂದ ಕಣ್ಣುಗಳ ಹೊರತು ಮೈಯ ಬೇರೇನೂ ಹೊರಗೆ ಕಾಣುವಂತಿರಲಿಲ್ಲ. ಮಾತು ಬೇಡ, ಕೆಮ್ಮು ಬೇಡ, ಕೈ ಎದೆಗಿಂತ ಕೆಳಗೆ ಇಳಿಯುವಂತಿಲ್ಲ. ಅಂಥ ಕಡೆ ಇದ್ದು ಬಂದವನಿಗೆ ಹೊರಗಿನ ಲೋಕವೆಲ್ಲ ಸ್ವಲ್ಪ ಗಲೀಜಾಗಿಯೇ ಕಾಣುತ್ತದೆ. ನಾನು ಮದ್ಯ ಮುಟ್ಟಿದವನಲ್ಲ. ಆದರೆ ಕುಡಿಯುವವರ ಮೇಲೆ ನನಗೆ ಸಿಟ್ಟಿಲ್ಲ, ಅದು ಅವರವರ ಇಷ್ಟ. ನಾಲ್ಕು ಜನರ ಬಾಯಿಗೆ ಹೋಗುವ ಪದಾರ್ಥವನ್ನು ಕೊಳಕಾಗಿ ಮಾಡುವವರನ್ನು ಕಂಡರೆ ಮಾತ್ರ ನನಗೆ ತಡೆಯಲಾಗುವುದಿಲ್ಲ.

ಮಾತು ಮುಗಿಸಿ ಒಳಗೆ ಹೋದರೆ ನನ್ನ ಹೆಂಡತಿ ಬೇಳೆ ಆರಿಸುತ್ತಾ, ತಲೆ ಎತ್ತದೆ, "ಕರ್ಕೊಂಡು ಹೋಗಿ. ನೀವು ಹೋಗದೆ ಇದ್ರೆ ಆತ ಏನು ಬೇಕಾದ್ರೂ ತಂದುಬಿಡ್ತಾನೆ. ಆ ಮಗು ಓದು ನಿಲ್ಲಬಾರದು," ಎಂದಳು. ಹಾಗೆ ನಾನು ಹೊರಟೆ.

ಅಂಗಡಿ ಹೈವೇ ಪಕ್ಕ, ಒಂದು ಟೈರ್ ಅಂಗಡಿಗೂ ಒಂದು ಲಾಂಡ್ರಿಗೂ ನಡುವೆ ಇತ್ತು. ಬಾಗಿಲು ತೆರೆದ ಕೂಡಲೇ ವಾಸನೆ ಮುಖಕ್ಕೆ ಬಡಿಯಿತು. ಕೊಟ್ಟಿಗೆಯಲ್ಲಿ ಹಸುವಿಗೆ ಇಡುವ ಕಲಗಚ್ಚಿನ ಬಾನಿಯನ್ನು ಎರಡು ದಿನ ತೊಳೆಯದೆ ಬಿಟ್ಟರೆ ಬರುವ ವಾಸನೆ. ಅದರ ಮೇಲೆ ಸುಟ್ಟ ಬೆಲ್ಲದ ಸಿಹಿ. ಅದರ ಮೇಲೆ ಯಾವುದೋ ಕಹಿ ಸೊಪ್ಪಿನ ಘಾಟು. ಮೂರೂ ಸೇರಿ ಗಂಟಲಿನ ಹಿಂಭಾಗದಲ್ಲಿ ಕೂತುಬಿಟ್ಟವು. ಷಡ್ಡಕ ಎದೆ ತುಂಬ ಉಸಿರೆಳೆದುಕೊಂಡು, "ಒಳ್ಳೆ ಹಾರ್ಲಿಕ್ಸ್ ವಾಸನೆ," ಎಂದ.

ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ಚೀಲಗಳಲ್ಲಿ ಬಾಯಿ ತೆರೆದು ಇಟ್ಟಿದ್ದರು. ಗಿರಾಕಿಗಳು ಬರಿಗೈ ಹಾಕುತ್ತಿದ್ದರು, ಎರಡು ಕಾಳು ಕಡಿದು ನೋಡಿ ಉಳಿದದ್ದನ್ನು ಚೀಲಕ್ಕೇ ಸುರಿಯುತ್ತಿದ್ದರು. ಅಂಗಡಿಯವನು ಗಡ್ಡ ಬಿಟ್ಟ ಉತ್ಸಾಹಿ. ಅವನ ಏಪ್ರನ್ನಿನ ಮೇಲೆ ಆ ವಾರ ಅವನು ಮುಟ್ಟಿದ್ದೆಲ್ಲ ಒಣಗಿ ಕೂತಿತ್ತು. ಅದಕ್ಕೇ ಕೈ ಒರೆಸಿಕೊಂಡು, ಚೀಲದಿಂದ ಒಂದು ಹಿಡಿ ತೆಗೆದು, ಅಂಗೈಯನ್ನು ನಮ್ಮ ಮುಂದೆ ಚಾಚಿದ. ನನ್ನ ಷಡ್ಡಕ ಆ ಅಂಗೈಯಿಂದಲೇ ಹೆಕ್ಕಿ ತಿಂದ. ನಾನು ಗೋಡೆಯ ಕಡೆ ತಿರುಗಿಕೊಂಡೆ. ಗೋಡೆಯಲ್ಲಿ ಒಂದು ಗಾಜಿನ ಬಾಗಿಲಿನ ಫ್ರಿಜ್ಜಿತ್ತು. ಅದರಲ್ಲಿ ಯೀಸ್ಟಿನ ಪೊಟ್ಟಣಗಳು. ಅವುಗಳ ಪಕ್ಕದಲ್ಲೇ ಅಂಗಡಿಯವನು ಅರ್ಧ ತಿಂದಿಟ್ಟ ಸ್ಯಾಂಡ್‌ವಿಚ್ಚು. ಜೀವಂತ ಯೀಸ್ಟು ಮಾರುವವನಿಗೆ ಬ್ರೆಡ್ಡಿನ ಮೇಲೆ ಏನು ಬೆಳೆಯುತ್ತದೆಂಬ ಯೋಚನೆ ಇಲ್ಲ.

"ಇದು ನಿಮ್ಮ ಮೊದಲ ಸಲವೇ?" ಎಂದು ಅವನು ಕೇಳಿದ.

"ಅಲ್ಲ, ಅಲ್ಲ," ಎಂದ ಷಡ್ಡಕ.

"ಹಾಗಾದರೆ ಈಗ ಯಾವುದರಲ್ಲಿ ಹುದುಗಿಸುತ್ತಿದ್ದೀರಿ? ಗಾಜಿನದೋ, ಪ್ಲಾಸ್ಟಿಕ್ಕಿನದೋ?"

ಷಡ್ಡಕ ನನ್ನ ಮುಖ ನೋಡಿದ. ನಾನು ಅಂಗಡಿಯವನಿಗೆ, "ಇವನಿಗೆ ಏನೂ ಗೊತ್ತಿಲ್ಲ. ಮೊದಲಿನಿಂದ ತೋರಿಸಿ," ಎಂದೆ. ಷಡ್ಡಕ ಕನ್ನಡದಲ್ಲಿ, "ಬಿಡಿ ಭಾವ, ಇವನೇನು ನಮ್ಮ ಮ್ಯಾನೇಜರಿಗೆ ಫೋನ್ ಮಾಡಲ್ಲ," ಎಂದು ಗೊಣಗಿದ. ಫೋನ್ ಮಾಡುವುದಿಲ್ಲವಾದರೆ ಸುಳ್ಳಾದರೂ ಯಾಕೆ ಬೇಕಿತ್ತು?

ಗಾಜಿನ ದೊಡ್ಡ ಬುಂಡೆ ನೋಡಲು ಚೆನ್ನಾಗಿತ್ತು. ಷಡ್ಡಕನಿಗೆ ಅದೇ ಬೇಕು. ಒಳಗೆ ನಡೆಯುವುದೆಲ್ಲ ಕಾಣುತ್ತದೆ, ಮ್ಯಾನೇಜರಿಗೆ ತೋರಿಸಬಹುದು ಎಂಬುದು ಅವನ ವಾದ. ನಾನು ಅದರ ಕುತ್ತಿಗೆಯೊಳಗೆ ಕೈ ಹಾಕಿ ನೋಡಲು ಹೇಳಿದೆ. ಬೆರಳುಗಳ ಗಂಟಿನಲ್ಲೇ ಸಿಕ್ಕಿಕೊಂಡಿತು. "ನಿನ್ನ ಕೈ ಎಲ್ಲಿಗೆ ಮುಟ್ಟುವುದಿಲ್ಲವೋ ಅಲ್ಲಿಗೆ ಕೊಳೆ ಮುಟ್ಟುತ್ತದೆ. ಬಕೆಟ್ ತಗೋ," ಎಂದೆ. ಆಹಾರಕ್ಕೆಂದೇ ಮಾಡಿದ ಬಿಳಿಯ ಪ್ಲಾಸ್ಟಿಕ್ ಬಕೆಟ್ಟುಗಳಲ್ಲಿ ಒಂದೊಂದನ್ನೂ ದೀಪದ ಕೆಳಗೆ ಹಿಡಿದು, ಒಳಗೋಡೆಯ ಮೇಲೆ ಉಗುರು ಎಳೆದು ನೋಡಿದೆ. ಗೀರು ಬಿದ್ದ ಪ್ಲಾಸ್ಟಿಕ್ ಎಂದೂ ಶುದ್ಧವಾಗುವುದಿಲ್ಲ. ಗೀರಿನೊಳಗೆ ಸೇರಿಕೊಂಡದ್ದನ್ನು ಯಾವ ಸೋಪೂ ಹೊರಗೆ ತರಲಾರದು. ಮೇಲಿನ ಮೂರನ್ನು ಬದಿಗಿಟ್ಟು ಅಡಿಯದನ್ನು ಎಳೆದುಕೊಂಡೆ. ಮುಚ್ಚಳ ಬಿಗಿಯಾಗಿ ಕೂರಬೇಕು. ಅದರಲ್ಲೊಂದು ತೂತು, ತೂತಿಗೆ ನೀರು ತುಂಬಿದ ಸಣ್ಣ ಕೊಳವೆ. ಒಳಗಿನ ಗಾಳಿ ಗುಳುಗುಳು ಎಂದು ಹೊರಗೆ ಹೋಗುತ್ತದೆ, ಹೊರಗಿನ ಗಾಳಿ ಒಳಗೆ ಬರುವುದಿಲ್ಲ. ಆ ಅಂಗಡಿಯಲ್ಲಿ ನನಗೆ ಗೌರವ ಹುಟ್ಟಿಸಿದ ವಸ್ತು ಅದೊಂದೇ.

ಮೂಲೆಯಲ್ಲಿ ಬಳಸಿದ ಸಾಮಾನಿನ ಪೆಟ್ಟಿಗೆಯೊಂದಿತ್ತು. ಅದರೊಳಗಿಂದ ಷಡ್ಡಕ ಒಂದು ಪಾರದರ್ಶಕ ಕೊಳವೆಯನ್ನು ಹಾವು ಹಿಡಿದಂತೆ ಎತ್ತಿ ತಂದ. ಅದರ ಒಳಗೋಡೆಗೆ ಉದ್ದಕ್ಕೂ ಕಂದು ಬಣ್ಣದ ಲೋಳೆ ಅಂಟಿ ಒಣಗಿತ್ತು.

"ಇದು ಆಗಲ್ವಾ ಭಾವ? ತೊಳೆದ್ರೆ ಹೋಗುತ್ತೆ."

"ಯಾರದೋ ಹಲ್ಲುಜ್ಜುವ ಬ್ರಷ್ಷು ಸಿಕ್ಕರೂ ತೊಳೆದು ಬಾಯಿಗೆ ಹಾಕ್ಕೊಳ್ತೀಯಾ?"

ವಾಪಸ್ಸು ಹಾಕಿದ. ಹೊಸ ಕೊಳವೆ, ಅಯೋಡಿನ್ ಬೆರೆತ ಕ್ರಿಮಿನಾಶಕ, ಥರ್ಮಾಮೀಟರು, ಸೀಸೆಗೆ ಬಿರಡೆ ಒತ್ತುವ ಎರಡು ಹಿಡಿಯ ಉಪಕರಣ, ಬಿರಡೆಗಳು, ಇಷ್ಟನ್ನೂ ನಾನೇ ಆರಿಸಿದೆ. ಕಾಳು ಕುದಿಸಿ ಸೋಸುವ ಗೋಜು ಹೊಸಬರಿಗೆ ಬೇಡ ಎಂದು ಅಂಗಡಿಯವನು ಡಬ್ಬಿಯಲ್ಲಿ ತುಂಬಿದ ಬಾರ್ಲಿ ಪಾಕ ಕೊಟ್ಟ. ಕಹಿಗೆಂದು ಹಾಪ್ಸ್ ಎಂಬ ಹೂವನ್ನು ಪುಡಿ ಮಾಡಿ ಒತ್ತಿದ ಹಸಿರು ಗುಳಿಗೆಗಳನ್ನು ಕೊಟ್ಟ. ಥೇಟು ಆಡಿನ ಹಿಕ್ಕೆ. ಹೊಸ ಖಾಲಿ ಸೀಸೆಗಳ ಪೆಟ್ಟಿಗೆಯನ್ನೂ ತೆಗೆದುಕೋ ಎಂದರೆ ಷಡ್ಡಕ ಕೇಳಲಿಲ್ಲ. "ಸೀಸೆ ನಾನು ಹೊಂದಿಸ್ತೀನಿ," ಎಂದ. ಆ ಮಾತಿಗೆ ನಾನು ಒಪ್ಪಬಾರದಿತ್ತು.

ಹೇಗೆ ಹೊಂದಿಸಿದನೆಂಬುದು ಮುಂದಿನ ಶನಿವಾರ ಅವರ ಮನೆಗೆ ಹೋದಾಗ ತಿಳಿಯಿತು. ಅಪಾರ್ಟ್‌ಮೆಂಟಿನವರು ರೀಸೈಕ್ಲಿಂಗಿಗೆಂದು ಹೊರಗಿಟ್ಟ ತೊಟ್ಟಿಗಳಿಂದ ಬಿಯರ್ ಸೀಸೆಗಳನ್ನು ಎತ್ತಿ ತಂದು, ಸ್ನಾನದ ತೊಟ್ಟಿಯಲ್ಲಿ ನೆನೆಹಾಕಿದ್ದ. ಮನೆಮಂದಿಯೆಲ್ಲ ಮೈ ತೊಳೆಯುವ ತೊಟ್ಟಿ. ನೀರು ಟೀ ಬಣ್ಣಕ್ಕೆ ತಿರುಗಿತ್ತು. ಬಿಡಿಸಿಕೊಂಡ ಲೇಬಲ್ಲುಗಳು ಸತ್ತ ಮೀನಿನ ಹಾಗೆ ತೇಲುತ್ತಿದ್ದವು. ಒಂದು ಸೀಸೆಯಲ್ಲಿ ಸಿಗರೇಟಿನ ತುಂಡುಗಳು ಊದಿಕೊಂಡು ಕೂತಿದ್ದವು. ಇನ್ನೊಂದರಲ್ಲಿ ನಿಂಬೆಹಣ್ಣಿನ ಚೂರು, ಅದರ ಮೇಲೆ ಬೂದುಬಣ್ಣದ ತುಪ್ಪಳ. ಅವರ ಮಗಳು ಬಾಗಿಲಲ್ಲಿ ನಿಂತು ಮೂಗು ಹಿಡಿದುಕೊಂಡು, "ದಿಸ್ ಈಸ್ ಸೋ ಗ್ರೋಸ್, ದೊಡ್ಡಪ್ಪ," ಎಂದಳು. ಆ ಹುಡುಗಿಯೂ ನಾನೂ ಒಂದೇ ಅಭಿಪ್ರಾಯಕ್ಕೆ ಬಂದದ್ದು ಅದೇ ಮೊದಲು.

ನಾನು ತೋಳು ಮಡಿಸಿ, ರಬ್ಬರ್ ಗವಸು ಹಾಕಿಕೊಂಡು ಕೂತೆ. ಅರ್ಧದಷ್ಟು ಸೀಸೆಗಳ ಕುತ್ತಿಗೆಯಲ್ಲಿ ತಿರುಪಿನ ಗೆರೆಗಳಿದ್ದವು. ಕೈಯಿಂದ ತಿರುಗಿಸಿ ತೆಗೆಯುವ ಜಾತಿ. ಅವುಗಳ ಮೇಲೆ ನಾವು ತಂದ ಬಿರಡೆ ಬಿಗಿಯಾಗಿ ಕೂರುವುದಿಲ್ಲ. ಅವನ್ನೆಲ್ಲ ತೆಗೆದು ಹೊರಗೆ ಸಾಗಿಸಿದೆ. ಉಳಿದವನ್ನು ಒಂದೊಂದಾಗಿ ಬ್ರಷ್ಷು ಹಾಕಿ ಉಜ್ಜಿ, ಕುದಿನೀರು ಹೊಯ್ದು, ಮೂಗಿನ ಹತ್ತಿರ ಹಿಡಿದು ಮೂಸಿ, ಬಗ್ಗಿಸಿಟ್ಟೆ. ಆ ಮೇಲೆ ಅದೇ ತೊಟ್ಟಿಯನ್ನೂ ತಿಕ್ಕಿದೆ.

ಪಾಕ ಕುದಿಸಲು ನಾದಿನಿ ತನ್ನ ದೊಡ್ಡ ಪಾತ್ರೆ ತಂದಿಟ್ಟಳು. ಕನ್ನಡ ಸಂಘದ ಊಟಕ್ಕೆ ಹುಳಿ ಮಾಡಿಕೊಂಡು ಹೋಗುವ ಪಾತ್ರೆ. ಮುಚ್ಚಳ ಎತ್ತಿದರೆ ಸಾಕು, ಯುಗಾದಿಯ ಊಟದ ಇಂಗು ಇನ್ನೂ ಅಲ್ಲೇ ಇತ್ತು.

"ಇದು ಬೇಡಮ್ಮ," ಎಂದೆ.

"ನಮ್ಮ ಪಾತ್ರೆ ಕೊಳಕು ಅಂತೀರಾ ಭಾವ?"

"ಕೊಳಕಲ್ಲ. ಇಂಗು."

"ಇಂಗಿನ ವಾಸನೆಗೆ ಯಾರಿಗೂ ಏನೂ ಆಗಿಲ್ಲ ಇಲ್ಲೀವರೆಗೆ," ಎಂದು ಮುಖ ತಿರುಗಿಸಿಕೊಂಡು ಹೋದಳು. ಷಡ್ಡಕ ಹೋಗಿ ಹೊಸ ಪಾತ್ರೆ ತಂದ. ಪಾಕ ಉಕ್ಕಿ ಒಲೆಯ ಮೇಲೆಲ್ಲ ಹರಿದು ಕರಿಯ ಅಂಟಾಗಿ ಸುಟ್ಟಿತು. ಮನೆ ತುಂಬ ಆ ಕಲಗಚ್ಚಿನ ಹಬೆ. ಕಿಟಕಿ ತೆರೆದರೆ ಹಿಮದ ಗಾಳಿ, ಮುಚ್ಚಿದರೆ ಉಸಿರು ಕಟ್ಟುತ್ತಿತ್ತು. ಆದರೂ ಎಲ್ಲವೂ ನನ್ನ ಕಣ್ಣೆದುರಿಗೆ ಕ್ರಮವಾಗಿ ನಡೆಯಿತು. ತಣಿಸಿದ ಪಾಕವನ್ನು ಬಕೆಟ್ಟಿಗೆ ಸುರಿದು, ಯೀಸ್ಟು ಹಾಕಿ, ಮುಚ್ಚಳ ಬಿಗಿದು, ಕೋಟುಗಳನ್ನಿಡುವ ಕಪಾಟಿನ ತಣ್ಣನೆಯ ಮೂಲೆಯಲ್ಲಿ ಇಟ್ಟೆವು. ಹೊರಡುವಾಗ ಗಂಡ ಹೆಂಡತಿ ಇಬ್ಬರಿಗೂ ಒಂದೇ ಮಾತು ಹೇಳಿದೆ: "ಏನೇ ಆದರೂ ಮುಚ್ಚಳ ತೆಗೆಯಬೇಡಿ." ಇಬ್ಬರೂ ತಲೆಯಾಡಿಸಿದರು.

ಎರಡು ವಾರ ಬಿಟ್ಟು ಸೀಸೆಗೆ ತುಂಬಲು ಹೋದೆ. ಮುಚ್ಚಳ ಎತ್ತಿದಾಗ ಬಂದ ವಾಸನೆ ಅಂಗಡಿಯ ವಾಸನೆಯಲ್ಲ. ಹುಳಿ. ಅದರ ಹಿಂದೆ ಒಂದು ಕಮಟು, ಎಲ್ಲೋ ಮೂಸಿದಂತಿದ್ದರೂ ಹೆಸರು ಹೊಳೆಯದ ಕಮಟು. ಮೇಲೆ ಸುಕ್ಕುಗಟ್ಟಿದ ಬಿಳಿಯ ಕೆನೆ. ಬಕೆಟ್ಟಿನ ಕಂಠದ ಸುತ್ತ ಕಂದು ನೊರೆ ಒಣಗಿ ಗಾಯದ ಹಕ್ಕಳೆಯ ಹಾಗೆ ಅಂಟಿತ್ತು.

"ಮುಚ್ಚಳ ತೆಗೆದಿದ್ರಾ?"

"ಇಲ್ಲ ಭಾವ," ಎಂದ ಷಡ್ಡಕ. ನಾದಿನಿ ಪಾತ್ರೆ ತೊಳೆಯುತ್ತಿದ್ದಳು. ನಲ್ಲಿಯ ಸದ್ದಿನಲ್ಲಿ ನನ್ನ ಪ್ರಶ್ನೆ ಅವಳಿಗೆ ಕೇಳಿಸಲಿಲ್ಲವೆಂದು ನಾನು ತಿಳಿದೆ.

"ಇದು ಕೆಟ್ಟಿದೆ. ಚೆಲ್ಲು. ಮ್ಯಾನೇಜರಿಗೆ ನಿಜ ಹೇಳು."

"ಹೇಗೆ ಹೇಳೋದು ಭಾವ? ಆ ಇನ್ನೊಬ್ಬ ತೆಲುಗಿನವನು ಇದಾನೆ, ಕೆಲಸದಲ್ಲಿ ನನಗೆ ಸಮ. ನನಗೆ ಇರೋ ಹೆಚ್ಚುಗಾರಿಕೆ ಇದೊಂದೇ. ಬಿಯರ್ ಅಂದ್ರೆ ಹೀಗೇ ಇರುತ್ತೇನೋ. ನಾವೇನು ಕುಡಿದವರಾ?"

ಕೊಳವೆಯಲ್ಲಿ ನೀರು ತುಂಬಿ ಬಿಟ್ಟರೆ ದ್ರವ ತಾನೇ ಇಳಿದು ಬರುತ್ತದೆ ಎಂದು ತೋರಿಸಿಕೊಟ್ಟಿದ್ದೆ. ನಾನು ಬಿರಡೆಗಳನ್ನು ನೆನೆಸಲು ಈ ಕಡೆ ತಿರುಗಿದ್ದೇ ತಡ, ಅವನು ಕೊಳವೆಯ ತುದಿಯನ್ನು ಬಾಯಲ್ಲಿಟ್ಟು ಎಳೆದ. ಸ್ಕೂಟರಿನಿಂದ ಪೆಟ್ರೋಲ್ ಎಳೆಯುವವರ ಹಾಗೆ. ಬಾಯಿಗೆ ಬಂದದ್ದರಲ್ಲಿ ಸ್ವಲ್ಪ ನುಂಗಿ, ಸ್ವಲ್ಪ ಕೊಳವೆಗೇ ಬಿಟ್ಟ. ಅದೆಲ್ಲ ಸೀಸೆಯೊಳಗೆ ಇಳಿಯಿತು.

"ಏನಯ್ಯ, ಮನೆಗೆ ಬರುವವನಿಗೆ ಎಂಜಲು ಕುಡಿಸ್ತೀಯಾ?"

"ಆಲ್ಕೋಹಾಲ್ ಇದೆ ಭಾವ. ಬಾಯಲ್ಲಿರೋ ಕ್ರಿಮಿ ಸಾಯುತ್ತೆ."

"ನಿನ್ನ ಬಾಯಿಯ ಕ್ರಿಮಿ ಸಾಯಲ್ಲ. ಅಷ್ಟೊಂದು ಸುಳ್ಳು ಕೇಳಿಯೂ ಬದುಕಿದೆ ಅದು."

ಅವನು ನಕ್ಕ. ನನಗೆ ನಗು ಬರಲಿಲ್ಲ. ಎಂಜಲಿನ ವಿಚಾರದಲ್ಲಿ ನಮ್ಮಜ್ಜಿ ಹೇಳುತ್ತಿದ್ದದ್ದೂ ಕಾರ್ಖಾನೆಯಲ್ಲಿ ನನಗೆ ಕಲಿಸಿದ್ದೂ ಒಂದೇ. ಎರಡನ್ನೂ ಇವನು ಒಂದೇ ಗುಟುಕಿನಲ್ಲಿ ಮುಗಿಸಿದ್ದ. ನಾನು ಗವಸು ಕಳಚಿ, ಕೈ ತೊಳೆದು, ಬಿರಡೆ ಒತ್ತುವುದನ್ನೂ ಅವನಿಗೇ ಬಿಟ್ಟು ಮನೆಗೆ ಬಂದೆ. ಬಟ್ಟೆಯನ್ನೆಲ್ಲ ಒಗೆಯಲು ಹಾಕಿ ಸ್ನಾನ ಮಾಡಿದ ಮೇಲೂ ಆ ಕಮಟು ಮೂಗಿನಿಂದ ಹೋಗಲಿಲ್ಲ.

ಮ್ಯಾನೇಜರ್ ಬರುವ ಶನಿವಾರ ನಾನೂ ನನ್ನ ಹೆಂಡತಿಯೂ ಇರಲೇಬೇಕೆಂದು ನಾದಿನಿ ಹಟ ಹಿಡಿದಳು. ಮನೆಯಲ್ಲಿ ಹಿರಿಯರಿದ್ದರೆ ಶೋಭೆ ಎಂದಳು. ಹೋದೆವು. ಮ್ಯಾನೇಜರ್ ಎತ್ತರದ, ಕೆಂಪು ಮುಖದ, ನಿಧಾನದ ಮನುಷ್ಯ. ಯಾರೂ ಹೇಳುವ ಮೊದಲೇ ಬಾಗಿಲಲ್ಲಿ ಬೂಟು ಬಿಚ್ಚಿದ. ನಾದಿನಿ ಕೋಡುಬಳೆ ಇಟ್ಟಳು. ಷಡ್ಡಕ ಸೀಸೆ ತಂದು ತೆಗೆದ. ಬಿರಡೆಯಿಂದ ಒಂದು ನಿಟ್ಟುಸಿರು ಬಂತು, ಅಷ್ಟೆ. ಗಾಜಿನ ಲೋಟಕ್ಕೆ ಸುರಿದಾಗ ಅದು ಅಕ್ಕಿ ತೊಳೆದ ನೀರಿಗೆ ಸಾರು ಬೆರೆಸಿದ ಹಾಗಿತ್ತು.

ಆತ ಬೆಳಕಿಗೆ ಹಿಡಿದು ನೋಡಿದ. ಮೂಸಿದ. ಮತ್ತೊಮ್ಮೆ ಮೂಸಿದ. ಒಂದು ಗುಟುಕು ಬಾಯಿಗೆ ತೆಗೆದುಕೊಂಡು ಸುಮ್ಮನೆ ಕೂತ. ಆ ಮೇಲೆ ಎದ್ದು, ಅಡುಗೆಮನೆಯ ಸಿಂಕಿಗೆ ಹೋಗಿ, ಬಗ್ಗಿ ಸದ್ದಿಲ್ಲದೆ ಉಗಿದ. ಬಾಯಿ ಮುಕ್ಕಳಿಸಿದ. ನಲ್ಲಿ ಬಿಟ್ಟು ಸಿಂಕನ್ನು ಸುತ್ತಲೂ ತೊಳೆದ. ಈ ಇಡೀ ಪ್ರಕರಣದಲ್ಲಿ ತಾನು ಕೊಳೆ ಮಾಡಿದ ಜಾಗವನ್ನು ತಾನೇ ತೊಳೆದ ಮೊದಲ ಮನುಷ್ಯ ಆತ.

"ಇದರಲ್ಲಿ ಏನೇನು ಹಾಕಿದ್ದೀರಿ?" ಎಂದು ಕೇಳಿದ.

ಷಡ್ಡಕ ಪುಸ್ತಕದಲ್ಲಿದ್ದುದನ್ನು ಒಪ್ಪಿಸಿದ. ಬಾರ್ಲಿ, ಹಾಪ್ಸ್, ನೀರು, ಯೀಸ್ಟು.

"ಇನ್ನೇನೋ ಇದೆ."

ಆಗ ನಾದಿನಿ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ, ತನಗೆ ಬರುವ ಇಂಗ್ಲಿಷಿನಲ್ಲಿ, ಬಹಳ ಸರಳವಾಗಿ ಹೇಳಿದಳು. "ಒಂದು ಸೌಟು ದೋಸೆ ಹಿಟ್ಟು. ನಾನು ಹಾಕಿದೆ."

ಅವಳು ನನ್ನ ಕಡೆ ತಿರುಗಿ ಕನ್ನಡದಲ್ಲಿ ಮುಂದುವರಿಸಿದಳು. "ಮಾರನೇ ದಿನ ನೋಡಿದ್ರೆ ಒಂದು ಗುಳ್ಳೆನೂ ಇರಲಿಲ್ಲ ಭಾವ. ಇವರು ರಾತ್ರಿಯೆಲ್ಲ ನಿದ್ದೆ ಮಾಡಲಿಲ್ಲ. ಈ ಚಳಿಗೆ ನಮ್ಮನೆ ಹಿಟ್ಟೇ ಉಬ್ಬಲ್ಲ, ಇದು ಎಲ್ಲಿ ಉಬ್ಬುತ್ತೆ? ಇವರು ಆಫೀಸಿಗೆ ಹೋದ ಮೇಲೆ ಹಳೇ ಹಿಟ್ಟು ಒಂದು ಸೌಟು ಹಾಕಿ, ತಿರುವಿ, ಹೀಟರ್ ಪಕ್ಕ ಶಾಲು ಹೊದಿಸಿ ಇಟ್ಟೆ. ಸಾಯಂಕಾಲಕ್ಕೆಲ್ಲ ಉಕ್ಕಿ ಬಂತು. ಮತ್ತೆ ಕಪಾಟಿನಲ್ಲಿ ಇಟ್ಟುಬಿಟ್ಟೆ."

ಹೆಸರು ಹೊಳೆಯದ ಆ ಕಮಟು ಯಾವುದೆಂದು ಆಗ ಗೊತ್ತಾಯಿತು. ಮೆಂತ್ಯ. ಯೀಸ್ಟು ಏಳಲು ಒಂದೆರಡು ದಿನ ಹಿಡಿಯುತ್ತದೆಂದು ನಾನು ಹೇಳಿರಲಿಲ್ಲ. ಮುಚ್ಚಳ ತೆಗೆಯಬೇಡಿ ಎಂದಷ್ಟೇ ಹೇಳಿದ್ದೆ. ಹುಳಿ ಬಾರದ ಹಿಟ್ಟಿಗೆ ಹುಳಿ ಹಿಟ್ಟು ಬೆರೆಸುವುದನ್ನು ನೋಡುತ್ತಾ ಬೆಳೆದ ಹೆಂಗಸಿಗೆ ಅಷ್ಟು ಸಾಲದು.

ಮ್ಯಾನೇಜರ್ ದೋಸೆ ಹಿಟ್ಟೆಂದರೆ ಏನೆಂದು ಕೇಳಿದ. ನಾದಿನಿ ಅಕ್ಕಿ, ಉದ್ದು, ಮೆಂತ್ಯ ಎಂದು ವಿವರಿಸಿದಳು. ಆತ ಲೋಟವನ್ನು ಮೇಜಿನ ಮೇಲೆ ದೂರ ಸರಿಸಿ, ಷಡ್ಡಕನ ಮುಖ ನೋಡಿದ.

"ಬಹಳ ವರ್ಷಗಳಿಂದ ಮಾಡುತ್ತಿದ್ದೇವೆ ಎಂದಿದ್ದಿರಿ. ಯಾವಾಗಲೂ ಹೀಗೇ ಮಾಡುವುದೆ?"

ನಾದಿನಿ ಗಂಡನನ್ನು ನೋಡಿದಳು. ಷಡ್ಡಕ ನನ್ನನ್ನು ನೋಡಿದ. ಹೂಂ, ಇದು ನಮ್ಮ ಮನೆತನದ ಪದ್ಧತಿ ಎಂದು ನಾನೊಂದು ಮಾತು ಹೇಳಲಿ ಎಂಬ ನೋಟ ಅದು. ಹಿರಿಯರನ್ನು ಯಾತಕ್ಕೆ ಕರೆಸಿದ್ದೆಂದು ನನಗೆ ಆಗ ಅರ್ಥವಾಯಿತು. ನನ್ನ ಹೆಂಡತಿ ಕೋಡುಬಳೆಯ ತಟ್ಟೆಯನ್ನೇ ನೋಡುತ್ತಿದ್ದಳು. ನಾನು ತುಟಿ ಬಿಚ್ಚಲಿಲ್ಲ.

"ಇಲ್ಲ," ಎಂದ ಷಡ್ಡಕ ಕೊನೆಗೆ. "ಇದೇ ಮೊದಲು. ನಾನು ಬಿಯರ್ ಕುಡಿಯುವುದೂ ಇಲ್ಲ."

ಆತನ ಮುಖ ಗಡುಸಾಯಿತು. ಗಲಾಟೆ ಮಾಡಲಿಲ್ಲ. "ಪರೀಕ್ಷೆ ಮಾಡಿದ್ದೇನೆ ಎಂದು ನೀವು ಸಹಿ ಹಾಕಿ ಕೊಟ್ಟ ಪ್ರೋಗ್ರಾಮುಗಳಿವೆಯಲ್ಲ, ಅವನ್ನಾದರೂ ಪರೀಕ್ಷೆ ಮಾಡಿದ್ದೀರಾ?"

"ಮಾಡಿದ್ದೇನೆ. ಒಂದೊಂದನ್ನೂ."

"ಅದನ್ನು ನಾನು ನೋಡುತ್ತೇನೆ," ಎಂದು ಆತ ಎದ್ದ. ನಾದಿನಿಗೆ ಕೋಡುಬಳೆ ಚೆನ್ನಾಗಿತ್ತೆಂದು ಹೇಳಿ, ಬೂಟು ಹಾಕಿಕೊಂಡು ಹೋದ.

ಆ ಪ್ರಶ್ನೆ ನನಗೆ ಚೆನ್ನಾಗಿ ಗೊತ್ತು. ನಮ್ಮ ಕೋಣೆಯಲ್ಲೂ ಅಷ್ಟೆ. ಒಬ್ಬನ ಒಂದು ಸಹಿ ಸುಳ್ಳೆಂದು ತಿಳಿದರೆ ಅವನು ಮುಟ್ಟಿದ್ದನ್ನೆಲ್ಲ ಮತ್ತೆ ನೋಡಬೇಕಾಗುತ್ತಿತ್ತು. ಷಡ್ಡಕನ ಸಹಿಗಳು ನಿಜವೋ ಸುಳ್ಳೋ ನನಗೆ ತಿಳಿಯದು. ಕೊಳವೆಗೆ ಬಾಯಿ ಹಾಕಿದ ಮನುಷ್ಯನ ಪರವಾಗಿ ಪ್ರಮಾಣ ಮಾಡುವ ಧೈರ್ಯ ನನಗಿರಲಿಲ್ಲ.

ಮಾರನೆಯ ದಿನ ಸೀಸೆಗಳನ್ನೆಲ್ಲ ಖಾಲಿ ಮಾಡಲು ನಾನೇ ಹೋದೆ. ಅವನಿಗೆ ಬಿಟ್ಟರೆ ಆಗದ ಕೆಲಸ. ಒಂದೊಂದಾಗಿ ತೆರೆದು ಸಿಂಕಿಗೆ ಬಗ್ಗಿಸಿದೆವು. ಕೆಲವು ನೀರಿನಂತೆ ಹೋದವು. ಕೆಲವು ಮುಚ್ಚಳ ತೆಗೆದೊಡನೆ ಮುಖಕ್ಕೆ ಎಗರಿದವು. ತಳದಲ್ಲಿ ಬೂದಿ ಬಣ್ಣದ ಗಸಿ. ಅದು ಜಾರದೆ ಲೋಳೆಯಾಗಿ ನೇತಾಡುತ್ತಿತ್ತು. ಕರವಸ್ತ್ರ ಕಟ್ಟಿಕೊಂಡಿದ್ದರೂ ನಾನು ಎರಡು ಸಲ ಹೊರಗೆ ಹೋಗಿ ಉಸಿರೆಳೆದುಕೊಂಡು ಬರಬೇಕಾಯಿತು. ನಡುವೆ ಒಂದು ಸಲ ಷಡ್ಡಕ, "ಮಗಳಿಗೆ ಇನ್ನೂ ಹೇಳಿಲ್ಲ ಭಾವ," ಎಂದ. ನಾನು ಇನ್ನೊಂದು ಸೀಸೆ ಕೈಗೆ ಕೊಟ್ಟೆ.

ಆ ವಾರವೆಲ್ಲ ಮ್ಯಾನೇಜರ್ ಬಾಗಿಲು ಹಾಕಿಕೊಂಡು ಕೂತು, ಇವನು ಸಹಿ ಹಾಕಿದ ಪರೀಕ್ಷೆಗಳನ್ನು ಒಂದೊಂದಾಗಿ ಮತ್ತೆ ನಡೆಸಿ ನೋಡಿದನಂತೆ. ಇವನ ಹತ್ತಿರ ಒಂದು ಮಾತಿಲ್ಲ. ತೆಲುಗಿನವನನ್ನು ಊಟಕ್ಕೆ ಕರೆದುಕೊಂಡು ಹೋದನಂತೆ. ನಾದಿನಿ ದಿನವೂ ಅಕ್ಕನಿಗೆ ಫೋನ್ ಮಾಡಿ ಅಳುತ್ತಿದ್ದಳು. ನನ್ನ ಹೆಂಡತಿ ನನ್ನ ಹತ್ತಿರ ಮಾತು ಕಡಿಮೆ ಮಾಡಿದಳು. ಒಂದು ಮಾತು ಹೇಳಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು ಎಂಬುದು ಅವಳ ಮೌನದ ಅರ್ಥ.

ಶುಕ್ರವಾರ ಸಂಜೆ ಷಡ್ಡಕ ಆಫೀಸಿನಿಂದ ನೇರ ನಮ್ಮ ಮನೆಗೆ ಬಂದ. ಬಾಗಿಲಲ್ಲೇ ಹೇಳಿದ.

"ಆಯ್ತು ಭಾವ. ಖಾಯಂ ಆಯ್ತು. ಒಂದು ಪರೀಕ್ಷೆಯಲ್ಲೂ ತಪ್ಪು ಸಿಗಲಿಲ್ಲ ಅವರಿಗೆ."

ನನ್ನ ಹೆಂಡತಿ ಒಳಗಿನಿಂದ ಓಡಿ ಬಂದಳು. ಕೂರಿಸಿ ಕಾಫಿ ಕೊಟ್ಟಳು. ನಾನು, ಆತ ಏನು ಹೇಳಿದ ಎಂದು ಕೇಳಿದೆ.

"ಕರೆಸಿ ಕೂರಿಸಿಕೊಂಡು, ಇನ್ನು ಯಾವ ಯಾವ ಸುಳ್ಳು ಹೇಳಿದ್ದೀಯ, ಈಗಲೇ ಹೇಳಿಬಿಡು ಅಂದ್ರು."

"ಹೇಳಿದೆಯಾ?"

"ಟೀವೀಲಿ ಐಸ್ ಹಾಕಿ ಮ್ಯಾಚ್ ನೋಡ್ತೀನಿ ಅಂದಿದ್ದೆ, ನೋಡಲ್ಲ ಅಂದೆ. ಅವರ ಹೆಂಡತಿ ಕಳಿಸಿದ ಬೂಸಲು ಚೀಸ್ ಚೆನ್ನಾಗಿತ್ತು ಅಂದಿದ್ದೆ, ಬಿಸಾಕಿದೆ ಅಂದೆ. ಅವರ ನಾಯಿ ಕಂಡ್ರೆ ಇಷ್ಟ ಅಂದಿದ್ದೆ, ಭಯ ಅಂದೆ. ಇದನ್ನೆಲ್ಲ ಬರೆದುಕೊಳ್ಳಲಾ ಅಂತ ಕೇಳಿದ್ರು. ಆಮೇಲೆ ನಗೋಕೆ ಶುರು ಮಾಡಿದ್ರು."

ಒಬ್ಬ ಮನುಷ್ಯನಿಗೆ ಇಷ್ಟೊಂದು ಸುಳ್ಳು. ಬೂಸಲು ಹಿಡಿದ ಚೀಸಿನ ವಿಷಯದಲ್ಲಂತೂ ನಿಜ ಹೇಳಲು ಅವನಿಗೆ ಎಲ್ಲ ಹಕ್ಕೂ ಇತ್ತು. ನನಗೆ ನಿಜವಾಗಿಯೂ ಅಸಹ್ಯವಾಯಿತು.

"ನನಗೆ ಏನೇನು ಹೇಳಿದ್ದೀಯ? ಅದನ್ನೂ ಈಗಲೇ ಹೇಳಿಬಿಡು."

ಅವನು ಅರ್ಧ ಕುಡಿದ ಲೋಟವನ್ನು ನೋಡಿದ. ಅಕ್ಕನನ್ನು ನೋಡಿದ.

"ಕಾಫಿ ಭಾವ," ಎಂದ. "ನೀವು ಫಿಲ್ಟರನ್ನು ಕುದಿಸೀ ಕುದಿಸೀ ತೊಳೆಯೋದಕ್ಕೆ, ನಿಮ್ಮನೆ ಕಾಫಿಗೆ ರುಚೀನೇ ಇರಲ್ಲ."

ನನ್ನ ಹೆಂಡತಿ ನಗು ತಡೆಯಲಾರದೆ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದಳು.

"ಮುಗಿಸು ಅದನ್ನ," ಎಂದೆ. ಮುಗಿಸಿದ. ಲೋಟವನ್ನು ಅವನ ಕೈಯಿಂದಲೇ ತೊಳೆಸಿದೆ.